ಕಮಿಷನ್ ಇಲ್ಲದ ಡಂಗುರ

ಅವರಿಗೊಂದು ಸರಿಯಾದ ಹೆಸರು ಹುಡುಕಿ ನಾನು ಸೋತಿದ್ದೇನೆ. ದಲ್ಲಾಳಿ ಅನ್ನೋಣವೆಂದರೆ ದಲ್ಲಾಳಿಗೆ ಕಮಿಷನ್ ಇರುತ್ತದೆ. ಇವರು ಕೈಯಿಂದ ದುಡ್ಡು ಹಾಕಿ ಜೀಪಿಗೆ ಡೀಸೆಲ್ ತುಂಬಿಸಿಕೊಂಡು ಬರುತ್ತಾರೆ. ಏಜೆಂಟ್ ಅನ್ನೋಣವೆಂದರೆ ಏಜೆಂಟನ ಹಿಂದೆ ಒಂದು ಕಂಪನಿ ಇರುತ್ತದೆ, ಬೈಯುವುದಕ್ಕೆ ಒಂದು ವಿಳಾಸವಾದರೂ ಸಿಗುತ್ತದೆ. ಪ್ರಚಾರಕ ಎಂದರೆ ಯಾವುದೋ ಪಕ್ಷದ ಬಾವುಟ ಕಣ್ಣಿಗೆ ಬರುತ್ತದೆ. ತುತ್ತೂರಿ ಊದುವವರು ಎನ್ನಲು ನನ್ನ ಮನಸ್ಸೇ ಒಪ್ಪುವುದಿಲ್ಲ. ತಮ್ಮ ತುತ್ತೂರಿಯನ್ನು ಅವರು ಒಂದು ದಿನವೂ ಊದಿದವರಲ್ಲ. ಊದಿದ್ದೆಲ್ಲ ಯಾವುದೋ ಗಿಡದ್ದು, ಯಾವುದೋ ಗೊಬ್ಬರದ್ದು, ಘಟ್ಟದ ಕೆಳಗಿನ ಯಾರೋ ಮೂಲವ್ಯಾಧಿ ಪಂಡಿತರದ್ದು. ಹಿಂದೆ ಊರೂರಲ್ಲಿ ತಮಟೆ ಬಡಿದು ಡಂಗುರ ಸಾರುತ್ತಿದ್ದರಲ್ಲ, ಅವರಿಗೂ ಸುಗ್ಗಿಯಲ್ಲಿ ಇಷ್ಟು ಭತ್ತ ಅಂತ ಸಿಗುತ್ತಿತ್ತು. ಇವರಿಗೆ ಅದೂ ಇಲ್ಲ. ಆದರೂ ಹತ್ತಿರದ ಮಾತು ಅದೇ ಆದ್ದರಿಂದ ನಮ್ಮೂರಲ್ಲಿ ಅವರು ಡಂಗುರಣ್ಣ. ಎದುರಿಗೆ ಬರೀ ಅಣ್ಣ.

ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯಲ್ಲಿ ನಮ್ಮ ತೋಟ. ನನಗೂ ಅವರಿಗೂ ನಡುವೆ ಒಂದು ಹಳ್ಳ, ಒಂದು ಬೇಲಿ. ಎರಡೂ ಅವರನ್ನು ತಡೆದದ್ದಿಲ್ಲ. ಜೀಪು ಮೇಲಿನ ತಿರುವಿನಲ್ಲಿ ಹಾರ್ನ್ ಮಾಡಿತೆಂದರೆ ನನ್ನ ಹೆಂಡತಿ ಒಳಗಿಂದಲೇ, 'ಇವತ್ತು ಏನಂತೆ?' ಎಂದು ಕೇಳುತ್ತಾಳೆ. ಅವರ ಕೈಯಲ್ಲಿ ಯಾವಾಗಲೂ ಒಂದು ಗೋಣಿಚೀಲ. ಒಳಗೆ ಗಿಡವೋ, ಗಡ್ಡೆಯೋ, ಬಾಟಲಿಯೋ. ಒಮ್ಮೆ ಜೀವಂತ ಎರೆಹುಳಗಳಿದ್ದವು. ಚೀಲವನ್ನು ಜಗುಲಿಯಲ್ಲಿ ಬಿಚ್ಚಿ ತೋರಿಸಿ, ಮರೆತು ಹೋದರು. ಎರೆಹುಳಗಳಿಗೆ ಮರೆವಿಲ್ಲ. ಅವು ರಾತ್ರಿಯಿಡೀ ನಡೆದು ದೇವರ ಮನೆಯವರೆಗೂ ಬಂದಿದ್ದವು.

ಅವರು ಯಾರನ್ನೂ ಒತ್ತಾಯ ಮಾಡುವುದಿಲ್ಲ, ಅದೇ ಅಪಾಯ. ಒತ್ತಾಯ ಮಾಡಿದರೆ ಬೇಡ ಅನ್ನಬಹುದು. ಇವರು ಕುರ್ಚಿಯ ತುದಿಯಲ್ಲಿ ಕೂತು, ಧ್ವನಿ ತಗ್ಗಿಸಿ, ಪಕ್ಕದ ತೋಟದವರಿಗೆ ಕೇಳಬಾರದು ಎಂಬಂತೆ (ಪಕ್ಕದ ತೋಟ ಅವರದೇ) ಹೇಳುತ್ತಾರೆ: 'ಹತ್ತು ಗಿಡ ಹಾಕಿ ನೋಡೋ ತಮ್ಮ. ಹೋದ್ರೆ ಹತ್ತು ಗಿಡ.' ಈ ಮಾತಿಗೆ ಎದುರು ಮಾತು ಈವರೆಗೆ ಯಾರಿಗೂ ಹೊಳೆದಿಲ್ಲ. ಹತ್ತು ಗಿಡ ಹೋದರೆ ಯಾರ ಮನೆ ಮುಳುಗುತ್ತದೆ? ಮನೆ ಮುಳುಗುವುದು ಹತ್ತು ಗಿಡ ಬದುಕಿಕೊಂಡಾಗ. ಆಗ ಅವರು ಮತ್ತೆ ಬಂದು, 'ಕಂಡ್ಯಾ? ಇನ್ನು ಎರಡು ಎಕರೆಗೆ ಹಾಕ್ಸು' ಎನ್ನುತ್ತಾರೆ.

ಅವರ ಮೊದಲ ಬಲಿ ನಮ್ಮಪ್ಪ. 1980ರ ದಶಕದ ನಡುವೆ 'ಕಾವೇರಿ' ಎಂಬ ಗಿಡ್ಡ ತಳಿಯ ಅರೇಬಿಕಾ ಬಂತು. ಹತ್ತಿರ ಹತ್ತಿರ ನೆಡಬಹುದು, ಬೇಗ ಫಸಲು ಬರುತ್ತದೆ, ತುಕ್ಕು ರೋಗ ತಟ್ಟುವುದಿಲ್ಲ ಎಂದು ಹೆಸರು. ಆಗಿನ್ನೂ ಮೀಸೆ ಕಪ್ಪಗಿದ್ದ ಡಂಗುರಣ್ಣ ಬಂದು ಅಪ್ಪನ ಎದುರು ಕೂತರು. ಅಪ್ಪ ಹಳೆಯ ಎಸ್.795 ಬಿಟ್ಟು ಬೇರೆ ಕಾಫಿಯನ್ನು ಕಾಫಿ ಎಂದೇ ಕರೆಯದ ಮನುಷ್ಯ. ಒಂದು ಪಟ್ಟೆ ನೆಡಿಸಿದರು. ಮೂರನೇ ವರ್ಷಕ್ಕೆ ಗಿಡ ಕಾಣದಷ್ಟು ಹಣ್ಣು. ಆಮೇಲಾಮೇಲೆ ಗಿಡ ಕಾಣದಷ್ಟು ತುಕ್ಕು. ತಳಿಗೆ ಇದ್ದ ತಡೆಯುವ ಶಕ್ತಿಯನ್ನು ರೋಗವೇ ಕೆಲವು ವರ್ಷಗಳಲ್ಲಿ ಮುರಿದಿತ್ತು. ಅಪ್ಪ ಬೈಯಲಿಲ್ಲ. ಡಂಗುರಣ್ಣ ಬಂದಾಗಲೆಲ್ಲ ಮೈಲುತುತ್ತ ಕಲೆಸಿದ ನೀಲಿ ಕೈಯನ್ನು ತೊಳೆಯದೆ ಹಾಗೇ ಮುಂದೆ ಚಾಚಿ, 'ಬಾರಪ್ಪ, ಕೂತ್ಕ' ಅನ್ನುತ್ತಿದ್ದರು.

ನಡುವೆ ಒಂದು ಕಾಲ ಸಹಜ ಕೃಷಿಯದ್ದು. ಫುಕುವೋಕಾ ಎಂಬ ಜಪಾನಿ ರೈತನ ವಿಚಾರ ನಮ್ಮ ಕಡೆಗೂ ಬಂದಿತ್ತು; ಮೂಡಿಗೆರೆಯ ತೇಜಸ್ವಿಯವರು 'ಸಹಜ ಕೃಷಿ' ಪುಸ್ತಕ ಬರೆದಿದ್ದರು. ಡಂಗುರಣ್ಣ ಅದನ್ನು ಓದಿದರೋ, ಓದಿದವರ ಬಾಯಿಂದ ಕೇಳಿದರೋ, ಅಂತೂ ಅವರಿಗೆ ಅರ್ಥವಾದದ್ದು ಕಳೆ ತೆಗೆಸಬಾರದು ಎಂಬುದಷ್ಟೇ. ಎರಡು ಮಳೆಗಾಲ ಕಳೆದ ಮೇಲೆ ಅವರ ತೋಟದಲ್ಲಿ ಕಾಫಿ ಕೊಯ್ಯಲು ಹೋದ ಆಳುಗಳು ಮೊದಲು ಕಾಫಿ ಗಿಡವನ್ನು ಹುಡುಕಬೇಕಾಯಿತು. ಒಂದು ಹಂದಿ ಸಂಸಾರ ಸಮೇತ ಅಲ್ಲಿ ವಾಸವಾಗಿತ್ತು. ಸಹಜವಾಗಿಯೇ.

ಇವೆಲ್ಲ ಸಣ್ಣವು. ನಾನು ಹೇಳಬೇಕಾದದ್ದು ವೆನಿಲ್ಲಾದ ಕಥೆ.

ನಮ್ಮ ಬೆಟ್ಟಗಳಲ್ಲಿ ಇಂಥವರ ಮಾತಿಗೆ ಕಿವಿ ತೆರೆಯುವುದು ಯಾವಾಗ ಎಂದರೆ ಕಾಫಿ ರೇಟು ಬಿದ್ದಾಗ. ಹಿಂದೆ ಕಾಫಿಯೆಲ್ಲ ಬೋರ್ಡಿನ ಪೂಲಿಗೆ ಹೋಗುತ್ತಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು, ಯೋಚಿಸುವ ಕಷ್ಟ ಇರಲಿಲ್ಲ. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾಯಿತು; 1994ರಲ್ಲಿ ಬ್ರೆಜಿಲ್ಲಿನ ತೋಟಗಳ ಮೇಲೆ ಹಿಮ ಬಿದ್ದು ಇಲ್ಲಿ ನಮ್ಮ ಮನೆಗಳ ಮುಂದೆ ಕಾರು ಬಂದು ನಿಂತವು. ಆಗ ಡಂಗುರಣ್ಣ ಬಂದರೆ ನಾವು ಕಾರಿನ ಗಾಜು ಏರಿಸಿಕೊಂಡು ಹೋಗುತ್ತಿದ್ದೆವು. 2001ರ ಹೊತ್ತಿಗೆ ವಿಯೆಟ್ನಾಮಿನ ರೊಬಸ್ಟಾ ಜಗತ್ತನ್ನೆಲ್ಲ ತುಂಬಿ, ಮೂವತ್ತು ವರ್ಷದಲ್ಲಿ ಕಾಣದಷ್ಟು ಕೆಳಕ್ಕೆ ಬೆಲೆ ಇಳಿಯಿತು. ಕಾರು ಶೆಡ್ಡು ಸೇರಿತು. ಜೀಪು ಮೇಲಿನ ತಿರುವಿನಲ್ಲಿ ಹಾರ್ನ್ ಮಾಡಿತು.

ಚೀಲದಲ್ಲಿ ಹಸಿರು ಹಾವಿನಂಥ ಬಳ್ಳಿ. 'ಮಡಗಾಸ್ಕರ್ ಅಂತ ಒಂದು ದೇಶ ಐತೆ. ಹೋದ ವರ್ಷ ಅಲ್ಲಿ ಚಂಡಮಾರುತ ಬಡಿದು ಬಳ್ಳಿ ಎಲ್ಲ ನೆಲ ಕಚ್ಚೈತೆ. ಜಗತ್ತಿಗೆ ಐಸ್ ಕ್ರೀಂ ಇಲ್ಲ!' ಜಗತ್ತಿಗೆ ಐಸ್ ಕ್ರೀಂ ಇಲ್ಲದ ದುಃಖ ಅವರ ಮುಖದ ಮೇಲೆ ನಿಜವಾಗಿಯೂ ಇತ್ತು. ಸುದ್ದಿಯೂ ಸುಳ್ಳಾಗಿರಲಿಲ್ಲ: 2000ದಲ್ಲಿ ಅಲ್ಲಿ ಚಂಡಮಾರುತ ಬೀಸಿತ್ತು, ಬೆಲೆ ಏರುತ್ತಿತ್ತು. 2003ರ ಹೊತ್ತಿಗೆ ಹಸಿ ಕೋಡಿಗೆ ಕೆಜಿಗೆ 3000 ರೂಪಾಯಿ ಎಂಬ ಮಾತು ಕೊಟ್ಟಿಗೆಹಾರದ ನೀರುದೋಸೆ ಹೋಟೆಲುಗಳಲ್ಲೂ ಕೇಳಿಸುತ್ತಿತ್ತು. ನಾನು ಅಷ್ಟರಲ್ಲಿ ಹತ್ತು ಬಳ್ಳಿಯ ಘಟ್ಟ ದಾಟಿ ಒಂದು ಎಕರೆಗೆ ಬಂದಿದ್ದೆ. ಬಳ್ಳಿ ಹಬ್ಬಿಸಲು ಗೊಬ್ಬರದ ಗಿಡದ ಗೂಟ ನೆಡಿಸಿ, ಅದಕ್ಕಾಗಿ ಬ್ಯಾಂಕಿನಲ್ಲಿ ಹೆಂಡತಿಯ ಬಳೆ ಇಟ್ಟಿದ್ದೆ. ಅವಳು ಇದನ್ನು ಓದುತ್ತಾಳೆ, ಆದ್ದರಿಂದ ಎಷ್ಟು ಬಳೆ ಎಂದು ಬರೆಯುವುದಿಲ್ಲ. ಅವಳಿಗೆ ಲೆಕ್ಕ ಗೊತ್ತು.

ಮೂರನೇ ವರ್ಷ ಹೂ ಬಂತು. ಆಗ ಡಂಗುರಣ್ಣ ಅಷ್ಟು ದಿನ ಹೇಳದೆ ಉಳಿಸಿಕೊಂಡಿದ್ದ ಸಂಗತಿ ಹೇಳಿದರು. ವೆನಿಲ್ಲಾ ಮೆಕ್ಸಿಕೋ ಕಡೆಯ ಆರ್ಕಿಡ್. ಅಲ್ಲಿ ಆ ಹೂವಿಗೆ ಪರಾಗ ಮುಟ್ಟಿಸುವ ದುಂಬಿಗಳಿವೆ, ಇಲ್ಲಿಲ್ಲ. ಬೆಳಿಗ್ಗೆ ಅರಳಿದ ಹೂ ಅವತ್ತೇ ಬಾಡುತ್ತದೆ. ಅಷ್ಟರೊಳಗೆ ಒಂದೊಂದು ಹೂವನ್ನೂ ಎಡಗೈಯಲ್ಲಿ ಹಿಡಿದು, ಗರಿಕಡ್ಡಿಯಿಂದ ಒಳಗಿನ ಪೊರೆ ಎತ್ತಿ, ಗಂಡನ್ನು ಹೆಣ್ಣಿಗೆ ಒತ್ತಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕಂಡುಕೊಂಡ ಉಪಾಯ ಇದು. 'ಹುಡುಗ ಕಣೋ, ಹುಡುಗ ಮಾಡಿದ್ದು ನಿನ್ ಕೈಲಿ ಆಗಲ್ವಾ?' ಎಂದರು. ಆ ಹುಡುಗನ ಉಪಾಯದಿಂದ ದೇಶದೇಶಗಳು ಶ್ರೀಮಂತವಾದವು, ಅವನು ಬಡವನಾಗಿಯೇ ಸತ್ತ ಎಂಬುದನ್ನು ನಾನು ಆಮೇಲೆ ಓದಿದೆ. ಓದಿದಾಗ ನನ್ನ ಕಣ್ಣ ಮುಂದೆ ಬಂದ ಮುಖ ಯಾರದೆಂದು ಹೇಳಬೇಕಿಲ್ಲ.

ಹೀಗೆ ನಾನು, ನನ್ನ ಹೆಂಡತಿ, ಇಬ್ಬರು ಆಳು ಬೆಳಿಗ್ಗೆ ಆರಕ್ಕೆ ಕನ್ನಡಕ ಏರಿಸಿಕೊಂಡು ಗರಿಕಡ್ಡಿ ಹಿಡಿದು ನಿಲ್ಲುತ್ತಿದ್ದೆವು. ಆಳುಗಳು ಮೊದಲ ವಾರವೆಲ್ಲ ನಕ್ಕರು. 'ಯಜಮಾನ್ರು ಹೂವಿಗೆ ಲಗ್ನ ಮಾಡುಸ್ತಾವ್ರೆ' ಎಂದು ಲೈನು ಮನೆಗಳಲ್ಲಿ ಸುದ್ದಿ. ಅವ್ವ ಅಂಗಳದಲ್ಲಿ ಬಿಸಿಲಿಗೆ ಕೂತು ನೋಡುತ್ತಿದ್ದಳು. ಒಂದು ದಿನ ಹೇಳಿದಳು: 'ಕಾಫಿಗೆ ಒಂದು ಮಳೆ ಬಂದ್ರೆ ಸಾಕು, ತಾನೇ ಬಸುರಾಗ್ತದೆ. ಇದ್ಯಾವ ಸೀಮೆ ಗಿಡನಪ್ಪ, ಪುರೋಹಿತ್ರು ಬೇಕಲ್ಲ!' ಹೂವಿನ ಲಗ್ನದ ಗಡಿಬಿಡಿಯಲ್ಲಿ ಕೆಳಗಿನ ರೊಬಸ್ಟಾ ಪಟ್ಟೆಗೆ ಸ್ಪ್ರಿಂಕ್ಲರ್ ಹಾಕುವುದು ತಡವಾಯಿತು. ಆ ವರ್ಷ ಅಲ್ಲಿ ಅರ್ಧ ಮೊಗ್ಗು ಹಾಗೇ ಒಣಗಿದವು. ವೆನಿಲ್ಲಾದ ನಷ್ಟದ ಲೆಕ್ಕದಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ.

ಕೋಡು ಬಲಿಯಲು ಒಂಬತ್ತು ತಿಂಗಳು, ಮನುಷ್ಯರ ಹಾಗೆ. ಅಷ್ಟು ದಿನವೂ ಕಾವಲು. ಆಗ ವೆನಿಲ್ಲಾ ಕಳ್ಳರ ಕಾಲ. ನಾನು ಐದು ಸೆಲ್ಲಿನ ಟಾರ್ಚು, ಮಾವನ ಮನೆಯಿಂದ ಎರವಲು ತಂದ ನಾಯಿ, ಒಂದು ಕಂಬಳಿ ಇಷ್ಟನ್ನು ಕಟ್ಟಿಕೊಂಡು ಅಟ್ಟಣೆಯಲ್ಲಿ ಮಲಗುತ್ತಿದ್ದೆ. ಅಕ್ಟೋಬರಿನ ಒಂದು ರಾತ್ರಿ ಬಳ್ಳಿಯ ಸಾಲಿನಲ್ಲಿ ಸರಬರ ಸದ್ದು. ನಾಯಿ ಬೊಗಳಲಿಲ್ಲ, ಬಾಲ ಆಡಿಸಿತು. ಎದೆ ಗಟ್ಟಿ ಮಾಡಿಕೊಂಡು ಟಾರ್ಚು ಬಿಟ್ಟರೆ ಬೆಳಕಿನಲ್ಲಿ ಡಂಗುರಣ್ಣ, ಕೈಯಲ್ಲಿ ಟೈಲರ್ ಟೇಪು. 'ಏಳೂವರೆ ಇಂಚು ಐತೆ ಕಣೋ!' ಎಂದರು. ನಿದ್ದೆ ಬರಲಿಲ್ಲವಂತೆ. ನನ್ನ ಕೋಡು ಬೆಳೆದಿದೆಯೋ ಇಲ್ಲವೋ ಎಂಬ ಚಿಂತೆಗೆ ಹಳ್ಳ ದಾಟಿ ಬಂದಿದ್ದರು, ಜಿಗಣೆ ಕಚ್ಚಿಸಿಕೊಂಡು, ರಾತ್ರಿ ಎರಡು ಗಂಟೆಗೆ. ನನಗೆ ಬೈಯಬೇಕೆನ್ನಿಸಿತು. ಬಾಯಿಗೆ ಬಂದದ್ದು ಮಾತ್ರ, 'ಕಾಫಿ ಕುಡಿದು ಹೋಗಿ ಅಣ್ಣ.'

ನಾವು ಕೊಯ್ಯುವ ಹೊತ್ತಿಗೆ ಮಡಗಾಸ್ಕರಿನಲ್ಲಿ ಹೊಸ ಬಳ್ಳಿಗಳು ಫಲಕ್ಕೆ ಬಂದಿದ್ದವು. ಐಸ್ ಕ್ರೀಂ ಕಂಪನಿಗಳು ಅಷ್ಟರಲ್ಲಿ ಕೃತಕ ಪರಿಮಳಕ್ಕೆ ಒಗ್ಗಿಹೋಗಿದ್ದವು. ನಮ್ಮ ಹಾಗೆಯೇ ಊರೂರಿನಲ್ಲಿ, ಖಂಡಖಂಡಗಳಲ್ಲಿ ಡಂಗುರಣ್ಣಂದಿರ ಮಾತು ಕೇಳಿದವರ ಫಸಲೂ ಒಟ್ಟಿಗೇ ಬಂತು. ಮೂರು ಸಾವಿರದಿಂದ ಒಂದು ಸೊನ್ನೆ ಕಳಚಿ ಬಿದ್ದಿತ್ತು, ಇನ್ನೊಂದು ಅಲ್ಲಾಡುತ್ತಿತ್ತು. ವ್ಯಾಪಾರಿಯೊಬ್ಬರು ಕೋಡನ್ನು ಮೂಸಿ, 'ಇಟ್ಟು ಹೋಗಿ, ನೋಡೋಣ' ಎಂದರು. ಇಟ್ಟು ಬರಲಿಲ್ಲ. ಮನೆಗೆ ತಂದು ಸಕ್ಕರೆ ಡಬ್ಬಿಯಲ್ಲಿ, ಅಕ್ಕಿ ಡಬ್ಬಿಯಲ್ಲಿ, ಬಟ್ಟೆಯ ಬೀರುವಿನಲ್ಲಿ ಇಟ್ಟೆವು. ಆ ವರ್ಷದ ಯುಗಾದಿಗೆ ಮಾಡಿದ ಗಸಗಸೆ ಪಾಯಸ ಐಸ್ ಕ್ರೀಮಿನ ಹಾಗೆ ಘಮಘಮಿಸುತ್ತಿತ್ತು. ಅವ್ವ ಒಂದು ಚಮಚ ಬಾಯಿಗಿಟ್ಟು, 'ಬಳೆ ರುಚಿ ಬತ್ತೈತೆ' ಎಂದು ಲೋಟ ಕೆಳಗಿಟ್ಟಳು.

ಮರುವಾರ ಡಂಗುರಣ್ಣ ಬಂದರು. ಕ್ಷಮೆ ಕೇಳುತ್ತಾರೆಂದು ನಾನು ಮುಖ ಗಂಟು ಹಾಕಿಕೊಂಡು ಕಾದು ಕೂತಿದ್ದೆ. ಅವರು ಚೀಲ ಬಿಚ್ಚಿದರು. 'ವೆನಿಲ್ಲಾ ಬಿಡು ಮಾರಾಯ, ಅದು ಮುಗೀತು. ಬೆಣ್ಣೆಹಣ್ಣು ಗೊತ್ತಾ?'

ಹೀಗೆ ಅವರಿಗೆ ನಿನ್ನೆ ಎಂಬುದೇ ಇಲ್ಲ. ಇರುವುದು ಅವರ ತೋಟದಲ್ಲಿ. ಅಲ್ಲಿಗೆ ಹೋದರೆ ಒಂದು ವಸ್ತುಸಂಗ್ರಹಾಲಯ ನೋಡಿದಂತೆ: ಕಾಯಿ ಬಿಡದ ಮಕಡೇಮಿಯಾ, ಎಮು ಹಕ್ಕಿಗೆಂದು ಹಾಕಿಸಿದ ಎತ್ತರದ ಬೇಲಿ, ಸೋಲಾರ್ ಒಣಗೂಡು. ನಾವೆಲ್ಲ ಕಳೆದುಕೊಂಡದ್ದು ಒಂದೊಂದು ಎಕರೆ. ಅವರು ಪ್ರತಿಯೊಂದರಲ್ಲೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡಿದ್ದಾರೆ. ಆ ಮನೆ ಇನ್ನೂ ನಿಂತಿರುವುದು ಅತ್ತಿಗೆಯಿಂದ. ಎಮು ಬೇಲಿಯೊಳಗೆ ಅವರ ನಾಟಿ ಕೋಳಿಗಳು ನರಿಯ ಭಯವಿಲ್ಲದೆ ಮೊಟ್ಟೆ ಇಡುತ್ತವೆ. ಒಣಗೂಡಿನಲ್ಲಿ ಮಳೆಗಾಲದಲ್ಲೂ ಹಪ್ಪಳ ಒಣಗುತ್ತದೆ. ವೆನಿಲ್ಲಾ ಕೋಡನ್ನು ಬಿಸಿನೀರಿಗೆ ಅದ್ದಿ ಬೆವರಿಸಲು ತಂದಿದ್ದ ಕರಿ ಕಂಬಳಿಗಳನ್ನು ಹೊಲಿದು ಆಳುಗಳ ಮಕ್ಕಳಿಗೆ ಹೊದಿಕೆ ಮಾಡಿದ್ದಾರೆ. 'ನಿಮ್ಮಣ್ಣ ತಂದದ್ದು ಯಾವುದೂ ದಂಡ ಆಗಿಲ್ಲ ನೋಡಿ, ತಂದ ಕೆಲಸಕ್ಕೆ ಒಂದು ಬಿಟ್ಟು' ಎನ್ನುತ್ತಾರೆ.

ಒಂದು ಸಲ ನಾನೂ ರೇಗಿದೆ. 'ಅಣ್ಣ, ನಿಮ್ಮ ಮಾತು ಕೇಳಿ ಉದ್ಧಾರ ಆದವರು ಒಬ್ಬರನ್ನು ತೋರಿಸಿ.' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಬಾಬುಡನ್‌ಗಿರಿಯ ದಿಕ್ಕಿಗೆ ಗದ್ದ ಎತ್ತಿದರು. 'ಆ ಫಕೀರರು ಮೋಕಾದಿಂದ ಏಳು ಬೀಜ ತಂದ್ರು ಅಂತಾರಲ್ಲ, ಆವತ್ತು ಈ ಬೆಟ್ಟದೋರು ಏನಂದಿರ್ತಾರೆ ಹೇಳು? ರಾಗಿ ಬಿಟ್ಟು ಈ ಕಹಿ ಬೀಜ ಯಾವನಿಗೆ ಬೇಕು ಅಂದಿರ್ತಾರೆ.' ಹದಿನೇಳನೇ ಶತಮಾನದ ಆ ಕಥೆ ದಂತಕಥೆಯೇ ಇರಬಹುದು. ಆದರೆ ಯಾರೋ ಒಬ್ಬರು ಬಂದು, 'ಏಳು ಬೀಜ ಹಾಕಿ ನೋಡಿ, ಹೋದ್ರೆ ಏಳು ಬೀಜ' ಎಂದಿರಲೇಬೇಕು. ನಾನು ಆ ಮಾತಿಗೆ ಉತ್ತರ ಕೊಡದೆ ಎದ್ದು ಬಂದೆ. ಬರುವಾಗ ಕಣ್ಣಿಗೆ ಬಿದ್ದದ್ದು ನನ್ನದೇ ತೋಟದ ಸಿಲ್ವರ್ ಓಕ್ ಮರಗಳು, ಅವುಗಳ ಮೈತುಂಬ ಪಣಿಯೂರು ಮೆಣಸಿನ ಬಳ್ಳಿ. ಅಪ್ಪನ ಕಾಲದಲ್ಲಿ ಕೇರಳದ ಕಡೆಯಿಂದ ಜೀಪಿನಲ್ಲಿ ಆ ಬಳ್ಳಿ ತುಂಡುಗಳನ್ನು ತಂದು, ಬೇಡ ಬೇಡವೆಂದರೂ ಮರದ ಬುಡದಲ್ಲಿ ತಾವೇ ಊರಿ ಹೋದವರು ಯಾರು? ಸೊರಗು ರೋಗಕ್ಕೆ ಹೋದವು ಹೋಗಿ, ಉಳಿದವು ಮರ ಹತ್ತಿದವು. 2015ರ ಹೊತ್ತಿಗೆ ಮೆಣಸು ಕೆಜಿಗೆ 600 ರೂಪಾಯಿ ದಾಟಿತು. ಮಗಳ ಕಾಲೇಜಿನ ಫೀಸು ಕಟ್ಟಿದ್ದು, ಬ್ಯಾಂಕಿನಿಂದ ಬಳೆ ಬಿಡಿಸಿದ್ದು ಅದರಲ್ಲೇ. ನಾವು ಅದನ್ನು ನಮ್ಮ ಜಾಣತನ ಎಂದು ನೆಂಟರಿಷ್ಟರ ಮುಂದೆ ಹೇಳಿಕೊಂಡೆವು. ವೆನಿಲ್ಲಾ ಮಾತ್ರ ಡಂಗುರಣ್ಣನದು.

2019ರ ಆಗಸ್ಟ್ ಮಳೆ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಗುಡ್ಡಗಳೇ ಜಾರಿದವು. ಮಲೆಮನೆ, ಮಧುಗುಂಡಿಯ ಜನ ಮನೆ ಬಿಟ್ಟು ಬಂದರು. ಡಂಗುರಣ್ಣನ ತೋಟದ ಹಿಂಬದಿಯೂ ಒಂದು ರಾತ್ರಿ ಕೆಳಗಿಳಿಯಿತು. ಬೆಣ್ಣೆಹಣ್ಣು, ಮಕಡೇಮಿಯಾ ಎಲ್ಲ ಹಳ್ಳಕ್ಕೆ. ಮನೆ ಉಳಿಯಿತು, ಜೀವ ಉಳಿಯಿತು. ನಾವು ಹೋದಾಗ ಅವರು ಜಗುಲಿಯಲ್ಲಿ ಕೂತು ಕೆಂಪು ಮಣ್ಣಿನ ಆ ಗಾಯವನ್ನು ನೋಡುತ್ತಿದ್ದರು. ಏನೂ ಮಾತಾಡಲಿಲ್ಲ.

ಆಮೇಲೂ ಮಾತಾಡಲಿಲ್ಲ. ಸೆಪ್ಟೆಂಬರ್ ಹೋಯಿತು, ದೀಪಾವಳಿ ಹೋಯಿತು, ಕೊಯ್ಲು ಶುರುವಾಯಿತು. ಮೇಲಿನ ತಿರುವಿನಲ್ಲಿ ಹಾರ್ನ್ ಇಲ್ಲ. ಮೊದಲು ನೆಮ್ಮದಿಯಾಗಿತ್ತು. ಬರುಬರುತ್ತ ಊರಿಗೇ ಏನೋ ಕಸಿವಿಸಿ. ಸೊಸೈಟಿಯ ಮುಂದೆ ನಾಲ್ಕು ಜನ ಸೇರಿದರೆ, 'ಅಣ್ಣ ಕಂಡ್ರಾ?' ಎಂಬ ಮಾತು. ಜೀವಮಾನವಿಡೀ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದ ಒಬ್ಬರು ತಾವಾಗಿ ಅವರ ಮನೆಗೆ ಹೋಗಿ, 'ಏನಾದ್ರೂ ಹೊಸ ಗಿಡ ಬಂದೈತಾ ಅಣ್ಣ?' ಎಂದು ಕೇಳಿ ಬಂದರು. ಇಲ್ಲ ಎಂದರಂತೆ. ಅದನ್ನು ಅವರು ನಮಗೆ ಸಾವಿನ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳಿದರು. ರೇಟು ಬಿದ್ದದ್ದು, ಬೋರರ್ ಬಂದದ್ದು, ಅಕಾಲದ ಮಳೆಗೆ ಕಣದಲ್ಲಿ ಕಾಫಿ ನೆನೆದದ್ದು, ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೆಲ್ಲ ಇಂಥವೇ. ಮುಂದಿನ ವರ್ಷ ಚೆನ್ನಾಗಿರುತ್ತದೆ ಎಂದು ಹೇಳುತ್ತಿದ್ದ ಬಾಯಿ ಊರಲ್ಲಿ ಇದ್ದದ್ದು ಅದೊಂದೇ ಎಂದು ನಮಗೆ ಆಗ ಹೊಳೆಯಿತು. ಈ ಮಾತನ್ನು ನಾನು ಅವರೆದುರು ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಮರುದಿನ ರಂಬುಟಾನ್ ಗಿಡ ಬರುತ್ತದೆ.

ಮುಂದಿನ ಬೇಸಗೆಯ ಕೊನೆಗೆ, ಒಂದು ಮಧ್ಯಾಹ್ನ ಹಾರ್ನ್ ಆಯಿತು. ನನ್ನ ಹೆಂಡತಿ ಕೈಯಲ್ಲಿದ್ದ ರೊಟ್ಟಿ ಹಿಟ್ಟಿನ ಸಮೇತ ಹೊರಗೆ ಓಡಿ ಬಂದಳು. ಚೀಲದಲ್ಲಿ ಹುಲ್ಲಿನ ಬುಡಗಳು. 'ಲಾವಂಚ' ಎಂದರು. ಧ್ವನಿ ಮೊದಲಿನಷ್ಟು ಏರಲಿಲ್ಲ, ಆದರೆ ಕುರ್ಚಿಯ ತುದಿಯಲ್ಲಿಯೇ ಕೂತರು. 'ಬೇರು ಆಳುದ್ದ ಕೆಳಕ್ಕೆ ಇಳಿತದಂತೆ. ದರೆ ಹಿಡಿತದೆ. ಹತ್ತು ಬುಡ ಹಾಕಿ ನೋಡೋ ತಮ್ಮ.' ಇದರಿಂದ ದುಡ್ಡು ಬರುತ್ತದೆ ಎಂದು ಅವರು ಹೇಳದೆ ಇದ್ದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಅಂದು ಸಂಜೆಯೇ ಹಾಕಿಸಿದೆ.

ಮೊನ್ನೆ ಬೆಂಗಳೂರಿನಿಂದ ಬಂದಿದ್ದ ನೆಂಟರಿಗೆ ನಾನು ಮನೆಯ ಹಿಂದಿನ ದರೆ ತೋರಿಸುತ್ತಿದ್ದೆ. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಅವರದು ಹತ್ತನೇ ಮಹಡಿಯ ಫ್ಲ್ಯಾಟು. ಮಗಳು ಪಕ್ಕಕ್ಕೆ ಎಳೆದು, 'ಅಪ್ಪ, ಸಾಕು, ಡಂಗುರಣ್ಣ ದೊಡ್ಡಪ್ಪನ ಹಾಗೆ ಆಡಬೇಡಿ' ಎಂದಳು. ನಾನು ಸುಮ್ಮನಾದೆ.

ಆದರೂ ಹೇಳಿಬಿಡುತ್ತೇನೆ. ನನ್ನ ಮನೆಯ ಹಿಂದಿನ ದರೆಯಲ್ಲಿ ಲಾವಂಚ ಈಗ ಮೂರು ಸಾಲು ಇದೆ, ಹೋದ ಮಳೆಗಾಲದಲ್ಲಿ ಒಂದು ಬುಟ್ಟಿ ಮಣ್ಣೂ ಕೆಳಗೆ ಬಂದಿಲ್ಲ. ಸೀಳಿ ಇಟ್ಟ ಬುಡಗಳು ಎರಡು ಚೀಲ ಇವೆ. ಮನೆಯ ಹಿಂದೆ ದರೆ ಇರುವವರು ಬಂದು ತೆಗೆದುಕೊಂಡು ಹೋಗಿ. ದುಡ್ಡು ಬೇಡ, ಜೂನಿನ ಮೊದಲ ಮಳೆಗೆ ನೆಟ್ಟರೆ ಆಯಿತು. ಹತ್ತು ಬುಡ ಹಾಕಿ ನೋಡಿ. ಹೋದರೆ ಹತ್ತು ಬುಡ.